‘ಇದನ್ನ ಯಾರು ಮಾಡಿದ್ದು?’: ದಸರಾದಿಂದ ಯುಗಾದಿವರೆಗೆ ಮೈಸೂರಲ್ಲಿ ನೋಡಬೇಕಾದ ಪ್ರದರ್ಶನಗಳು

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)



ಗಜಪಯಣ ಮುಗೀತು. ವೀರನಹೊಸಹಳ್ಳಿಯಿಂದ ಹೊರಟ ಆನೆಗಳು ಅರಮನೆ ಆವರಣ ಸೇರಿಕೊಂಡಿವೆ. ಬೆಳಿಗ್ಗೆ ಅವು ಬನ್ನಿಮಂಟಪದ ಕಡೆ ತಾಲೀಮಿಗೆ ಹೊರಟರೆ ಸಯ್ಯಾಜಿರಾವ್ ರಸ್ತೆಯಲ್ಲಿ ನಮ್ಮ ಸ್ಕೂಟರ್‌ಗಳೆಲ್ಲ ಪಕ್ಕಕ್ಕೆ ನಿಲ್ಲಬೇಕು. ಇನ್ನು ಮೈಸೂರಿನ ಮನೆಗಳಲ್ಲಿ ಫೋನ್ ಶುರುವಾಗುತ್ತೆ. ‘ದಸರಾಗೆ ಬರ್ತಾ ಇದೀವಿ, ಏನೇನು ನೋಡ್ಬಹುದು?’ ನಮ್ಮ ಉತ್ತರವೂ ವರ್ಷವರ್ಷ ಅದೇ. ಅರಮನೆ, ಝೂ, ಚಾಮುಂಡಿ ಬೆಟ್ಟ, ಎಕ್ಸಿಬಿಷನ್, ಲೈಟಿಂಗು.

ಇವತ್ತು ಬೇರೆ ಪಟ್ಟಿ ಕೊಡ್ತೀನಿ. ಜಾಗಗಳು ಹೆಚ್ಚುಕಮ್ಮಿ ಅವೇ, ನೋಡೋ ರೀತಿ ಬೇರೆ. ವಿನ್ಯಾಸದ ಕಣ್ಣಲ್ಲಿ, ಅಂದರೆ ಡಿಸೈನ್ ದೃಷ್ಟಿಯಲ್ಲಿ, ಈಗಿಂದ ಯುಗಾದಿವರೆಗೆ ಮೈಸೂರು ಮತ್ತು ಸುತ್ತಮುತ್ತ ಎಲ್ಲೆಲ್ಲಿಗೆ ಹೋಗಬೇಕು ಅಂತ.

ಡಿಸೈನ್ ಅಂದ ತಕ್ಷಣ ಕಂಪ್ಯೂಟರ್ ಮುಂದೆ ಕೂತು ಮಾಡೋ ಕೆಲಸ, ಅದಕ್ಕೆ ಅಹಮದಾಬಾದ್‌ಗೋ ಬೆಂಗಳೂರಿಗೋ ಹೋಗಬೇಕು ಅನ್ನೋ ಭಾವನೆ ನಮ್ಮಲ್ಲಿದೆ. ಚನ್ನಪಟ್ಟಣದ ಬುಗುರಿ ಮಗುವಿನ ಕೈಗೆ ಚುಚ್ಚದ ಹಾಗೆ ದುಂಡಗಿರೋದೂ ಡಿಸೈನೇ. ಐದು ಕಿಲೋಮೀಟರ್ ಸಾಗೋ ಸ್ತಬ್ಧಚಿತ್ರ ದೂರದಲ್ಲಿ ನಿಂತೋರಿಗೂ ಅರ್ಥವಾಗೋ ಹಾಗಿರೋದೂ ಡಿಸೈನೇ. ಆ ಲೆಕ್ಕದಲ್ಲಿ ಮೈಸೂರಿಗೆ ಪ್ರತ್ಯೇಕ ಡಿಸೈನ್ ಹಬ್ಬ ಬೇಕಿಲ್ಲ. ವರ್ಷದಲ್ಲಿ ಆರು ತಿಂಗಳು ಇಲ್ಲಿ ಅದು ನಡೀತಾನೇ ಇರುತ್ತೆ.

ಎದ್ದು ಬಂದ ಆನೆ

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಒಂದು ಸಣ್ಣ ಮೋಸದಿಂದ. ಕೆಲವು ವರ್ಷದ ಹಿಂದೆ ದಸರಾ ಸಮಯದಲ್ಲಿ ನಮ್ಮಕ್ಕನ ಮಗಳನ್ನ ಕರ್ಕೊಂಡು ಸುತ್ತಾಡೋಕೆ ಹೋಗಿದ್ದೆ. ಒಂದು ಮಳಿಗೆಯಲ್ಲಿ ಬೀಟೆಮರದ ಹಲಗೆ, ಅದರ ಮೇಲೆ ಅಂಬಾರಿ ಆನೆ. ಇನ್ಲೇ ಕೆಲಸ ಅಂದರು. ಅವಳು ಅಂಗಡಿಯವರನ್ನ ಕೇಳಿದಳು, ‘ಅಂಕಲ್, ಇದನ್ನ ಯಾರು ಮಾಡಿದ್ದು?’ ಅವರು ನಕ್ಕು, ‘ಮೈಸೂರಿಂದೇ ಪುಟ್ಟ’ ಅಂದರು. ಅವಳು ಬಿಡಲಿಲ್ಲ. ‘ಅಲ್ಲ, ಯಾರು ಮಾಡಿದ್ದು?’ ಅಷ್ಟರಲ್ಲಿ ನಾನು ದುಡ್ಡು ಕೊಟ್ಟು ಅವಳನ್ನ ಎಳ್ಕೊಂಡು ಬಂದೆ, ಹಿಂದೆ ಜನ ನಿಂತಿದ್ದರು.

ಮಾರನೇ ಮಳೆಗಾಲಕ್ಕೆ ಆ ಹಲಗೆಯ ಮೂಲೆ ಉಬ್ಬಿತು. ಉಗುರಲ್ಲಿ ಎತ್ತಿದರೆ ಆನೆ ಪೂರ್ತಿ ಎದ್ದು ಬಂತು. ಸ್ಟಿಕ್ಕರ್! ಒಳಗಿದ್ದದ್ದು ಯಾವುದೋ ಪ್ಲೈವುಡ್ಡು. ಅವಳು ಫೋನಲ್ಲಿ, ‘ಮಾಮ, ನಾನು ಆವತ್ತೇ ಕೇಳಿದ್ನಲ್ಲ’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಮಂಡಿ ಮೊಹಲ್ಲಾದಲ್ಲಿ ನಿಜವಾಗಿ ಇನ್ಲೇ ಮಾಡೋ ಹಿರಿಯರೊಬ್ಬರನ್ನ ಹುಡುಕಿಕೊಂಡು ಹೋದೆ. ಆ ಸ್ಟಿಕ್ಕರ್ ಆನೆಯನ್ನೂ ಜೇಬಲ್ಲಿ ಇಟ್ಟುಕೊಂಡಿದ್ದೆ. ಅವರು ಅದನ್ನ ತಿರುಗಿಸಿ ನೋಡಿ ಬೈಯಲಿಲ್ಲ. ‘ಚಿತ್ರ ಚೆನ್ನಾಗಿದೆ ಸಾರ್’ ಅಂದರು ಅಷ್ಟೆ. ಆಮೇಲೆ ತಾವು ಮಾಡ್ತಿದ್ದ ಹಲಗೆಯನ್ನ ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದರು. ಹಳದಿ ಇರೋದು ಹಲಸು, ಕಪ್ಪಗಿರೋದು ಕರಿಮರ. ಬಣ್ಣ ಬಳಿದಿಲ್ಲ, ಮರದ್ದೇ ಬಣ್ಣ. ಒಂದೊಂದು ಚೂರನ್ನೂ ತೆಳು ಗರಗಸದಲ್ಲಿ ಕೊಯ್ದು, ಬೀಟೆಯಲ್ಲಿ ಅದಕ್ಕೆ ಸರಿಯಾದ ಗುಳಿ ತೋಡಿ, ಅಂಟು ಹಾಕಿ ಕೂರಿಸಿ, ಉಜ್ಜಿ ಉಜ್ಜಿ ಒಂದೇ ಮಟ್ಟಕ್ಕೆ ತರೋದು. ಹೊರಟಾಗ ಒಂದು ಮಾತು ಹೇಳಿದರು. ‘ನೋಡೋರು ಸಾವಿರ ಜನ ಇದಾರೆ ಸಾರ್. ಕೇಳೋರು ಒಬ್ರೋ ಇಬ್ರೋ.’

ಇವತ್ತಿನ ಮಾತಿಗೆ ಇದೇ ಮೂಲ. ಮುಂದಿನ ಆರು ತಿಂಗಳು ಎಲ್ಲಿಗೇ ಹೋಗಿ, ಆ ಹುಡುಗಿ ಕೇಳಿದ ಪ್ರಶ್ನೆಯನ್ನ ಜೊತೇಲಿ ತಗೊಂಡು ಹೋಗಿ.

ಮೊದಲು ಗೊಂಬೆ

ಮೊದಲ ಜಾಗ ದಸರಾ ಶುರುವಾಗೋ ಮುಂಚೆಯೇ ಬಾಗಿಲು ತೆರೆಯುತ್ತೆ. ನಜರ್‌ಬಾದ್ ಮುಖ್ಯರಸ್ತೆಯ ಪ್ರತಿಮಾ ಗ್ಯಾಲರಿಯಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನ 2005ರಿಂದ ನಡೆಸಿಕೊಂಡು ಬಂದಿರೋ ‘ಬೊಂಬೆ ಮನೆ’. ನವರಾತ್ರಿಗೆ ಕೆಲವು ವಾರ ಮುಂಚೆ ಶುರು. ನೋಡೋದಕ್ಕೂ ಆಯ್ತು, ಮನೆಯ ಗೊಂಬೆ ಹಬ್ಬಕ್ಕೆ ಕೊಳ್ಳೋದಕ್ಕೂ ಆಯ್ತು.

ಮೈಸೂರಿನೋರಿಗೆ ಪಟ್ಟದ ಗೊಂಬೆ ಬಗ್ಗೆ ಹೇಳಬೇಕಿಲ್ಲ. ಮದುವೇಲಿ ತವರಿನವರು ಮಗಳಿಗೆ ಕೊಡೋ ರಾಜ-ರಾಣಿ ಜೋಡಿ. ನಮ್ಮಮ್ಮನ ಜೋಡಿಯಲ್ಲಿ ರಾಜನ ಮೂಗು ಸವೆದಿದೆ, ಆದರೂ ಮೇಲಿನ ಮೆಟ್ಟಿಲು ಅವನದ್ದೇ. ಬೊಂಬೆ ಮನೆಯಲ್ಲಿ ಅಂಥ ಗೊಂಬೆಗಳ ಜೊತೆ ಕರ್ನಾಟಕದ್ದು, ಹೊರರಾಜ್ಯದ್ದು ಎಲ್ಲ ಅಕ್ಕಪಕ್ಕ ಸಿಗುತ್ತೆ. ಅಲ್ಲಿ ಎರಡು ಗೊಂಬೆ ಹೋಲಿಸಿ ನೋಡಿ, ಒಂದು ಚನ್ನಪಟ್ಟಣದ್ದು, ಇನ್ನೊಂದು ಕೊಪ್ಪಳ ಜಿಲ್ಲೆಯ ಕಿನ್ನಾಳದ್ದು.

ಚನ್ನಪಟ್ಟಣದ ಗೊಂಬೆ ಹಾಲೆ ಮರದ್ದು. ಲೇತ್ ಮೇಲೆ ಮರ ತಿರುಗ್ತಾ ಇರುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತೆ, ಆಮೇಲೆ ಕೇದಗೆ ಗರಿಯಲ್ಲಿ ಒತ್ತಿ ಹೊಳಪು ತರ್ತಾರೆ. ಹಾಗಾಗಿ ಅದರ ಆಕಾರ ಯಾವಾಗಲೂ ದುಂಡು. ಲೇತ್‌ನಲ್ಲಿ ಚೌಕ ಬರೋದಿಲ್ಲವಲ್ಲ! ಕಿನ್ನಾಳದ ಕೆಲಸ ಹಾಗಲ್ಲ. ಹಗುರ ಮರವನ್ನ ಕೆತ್ತಿ, ಮೇಲೆ ಹುಣಸೆಬೀಜದ ಸರಿ ಸೇರಿದ ಲೇಪ ಕೊಟ್ಟು, ಕುಂಚದಲ್ಲಿ ಬಣ್ಣ ಬರೀತಾರೆ. ಅದಕ್ಕೇ ಅಲ್ಲಿ ಕಣ್ಣು, ಮೀಸೆ, ಒಡವೆ ಅಷ್ಟು ವಿವರವಾಗಿ ಬರುತ್ತೆ. ಹೀಗೆ ಗೊಂಬೆಯ ರೂಪ ಎಲ್ಲಿಂದ ಬಂತು ಅಂತ ಮಕ್ಕಳಿಗೆ ತೋರಿಸಿದರೆ ಒಂದು ಪಾಠ ಮುಗಿದ ಹಾಗೆ.

ಇದೇ ಪ್ರತಿಷ್ಠಾನ ಎರಡು ವರ್ಷಕ್ಕೊಮ್ಮೆ ‘ಕ್ರೀಡಾ ಕೌಶಲ್ಯ’ ಅಂತ ಹಳೆಯ ಆಟಗಳ ಪ್ರದರ್ಶನ ಮಾಡುತ್ತೆ. ಪಗಡೆ, ಚೌಕಾಬಾರ, ಅಳಗುಳಿಮಣೆ ಇವನ್ನ ಬೇರೆ ಬೇರೆ ಊರಿನ ಕುಶಲಕರ್ಮಿಗಳ ಕೈಯಲ್ಲಿ ಮಾಡಿಸಿ ಇಡ್ತಾರೆ. ಹಳೆ ಆಟ ಅಂದಮೇಲೆ ಗಂಜೀಫ ಬಿಡೋ ಹಾಗಿಲ್ಲ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ದುಂಡನೆ ಎಲೆಗಳ ಈ ಆಟವನ್ನ ಎಷ್ಟು ಇಷ್ಟಪಟ್ಟರು ಅಂದರೆ, ತಾವೇ ಹೊಸ ಆಟಗಳನ್ನ ಕಟ್ಟಿದರು. 36 ಎಲೆಯಿಂದ ಹಿಡಿದು 360 ಎಲೆಯವರೆಗೆ! ಶ್ರೀತತ್ತ್ವನಿಧಿಯಲ್ಲಿ ಅದರ ವಿವರ ಇದೆ. ಒಂದು ಅಂಗೈಗಿಂತ ಚಿಕ್ಕ ವೃತ್ತದಲ್ಲಿ ದೇವರು, ವಾಹನ, ಆಯುಧ, ಅಂಕಿ ಎಲ್ಲ ತುಂಬಬೇಕು, ಆಡೋನಿಗೆ ಒಂದೇ ನೋಟಕ್ಕೆ ಗೊತ್ತಾಗಬೇಕು. ಮೊಬೈಲ್ ಆ್ಯಪ್‌ಗೆ ಐಕಾನ್ ಬರೆಯೋರು ಒಮ್ಮೆ ಗಂಜೀಫ ಮುಂದೆ ಕೂರಬೇಕು.

ಎಕ್ಸಿಬಿಷನ್: ಬಜ್ಜಿ ತಿನ್ನಿ, ಆದರೆ ಮೊದಲು ನೋಡಿ

ಈಗ ದೊಡ್ಡದು. ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನ. ದಸರಾಗೆ ಶುರುವಾಗಿ ಸುಮಾರು 90 ದಿನ ನಡೆಯೋ ಪ್ರದರ್ಶನ, ಈಗ ಕರ್ನಾಟಕ ವಸ್ತುಪ್ರದರ್ಶನ ಪ್ರಾಧಿಕಾರದ ಉಸ್ತುವಾರಿ.

ಇದರ ಹುಟ್ಟು ಸ್ವಲ್ಪ ಕೇಳಿ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಗಾಜಿನ ಅರಮನೆ ಕಟ್ಟಿ, ಜಗತ್ತಿನ ಯಂತ್ರ, ಬಟ್ಟೆ, ಕರಕುಶಲ ವಸ್ತು ಎಲ್ಲ ಒಂದೇ ಸೂರಿನಡಿ ಇಟ್ಟರು. ಆ ಗಾಳಿ ಊರೂರಿಗೆ ಬೀಸಿತು. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದದ್ದೂ ಅದೇ ಮಾದರಿ ನೋಡಿ. ಮೈಸೂರಿನಲ್ಲಿ ಹತ್ತನೇ ಚಾಮರಾಜ ಒಡೆಯರ್ ಕಾಲದಲ್ಲಿ ವಸ್ತುಪ್ರದರ್ಶನ ಶುರುವಾಯಿತು. ಉದ್ದೇಶ ಸ್ಪಷ್ಟವಾಗಿತ್ತು: ಹೊರಗೆ ಏನೇನು ಹೊಸದು ಬರ್ತಿದೆ ಅನ್ನೋದು ನಮ್ಮ ಜನಕ್ಕೆ ಗೊತ್ತಾಗಬೇಕು. ಅಂದರೆ ಹಬ್ಬಕ್ಕೆ ಬಂದ ರೈತ, ನೇಕಾರ, ಬಡಗಿ ಇಲ್ಲಿ ಏನಾದರೂ ಕಲಿತು ಹೋಗಬೇಕು ಅಂತ.

ಈಗ ನಾವು ಯಾಕೆ ಹೋಗ್ತೀವಿ? ಜೈಂಟ್ ವೀಲ್, ಹಪ್ಪಳ, ಮೆಣಸಿನಕಾಯಿ ಬಜ್ಜಿ, ಗೋಬಿ. ನಾನೂ ಹೋಗೋದು ಅದಕ್ಕೇ, ಸುಳ್ಳು ಹೇಳಲ್ಲ. ಜಾತ್ರೆ ಜಾತ್ರೆಯೇ. ಆದರೆ ಬಜ್ಜಿಗೆ ಮುಂಚೆ ಒಂದು ಗಂಟೆ ಕೊಡಿ ಅಂತೀನಿ.

ಮೊದಲನೇ ಸಲಹೆ, ಶುರುವಾದ ದಿನವೇ ಓಡಬೇಡಿ. ಮಳಿಗೆಗಳೆಲ್ಲ ತುಂಬಿಕೊಳ್ಳೋಕೆ ಸ್ವಲ್ಪ ದಿನ ಬೇಕು. ಜಂಬೂಸವಾರಿಯ ನೂಕುನುಗ್ಗಲು ಮುಗಿದ ಮೇಲೆ, ವಾರದ ಮಧ್ಯೆ ಒಂದು ದಿನ ಸಂಜೆ ಬೇಗ ಹೋಗಿ. ಎರಡನೇದು, ಜಿಲ್ಲಾ ಪಂಚಾಯಿತಿ ಮತ್ತು ಇಲಾಖೆಗಳ ಮಳಿಗೆಗಳನ್ನ ದಾಟಿಕೊಂಡು ಹೋಗಬೇಡಿ. ಒಂದು ಇಲಾಖೆ ತನ್ನ ಕೆಲಸವನ್ನ ಓದು ಬಾರದವರಿಗೂ ಹೇಗೆ ತೋರಿಸುತ್ತೆ ಅಂತ ನೋಡಿ. ಕೆಲವು ಕಡೆ ಗೋಡೆ ತುಂಬ ಅಕ್ಷರದ ಫ್ಲೆಕ್ಸು, ಯಾರೂ ನಿಲ್ಲಲ್ಲ. ಪಕ್ಕದಲ್ಲೇ ನೀರು ಹರಿಯೋ ಒಂದು ಮಾದರಿ ಇಟ್ಟಿದ್ದರೆ ಅದರ ಮುಂದೆ ಹಳ್ಳಿಯಿಂದ ಬಂದ ಅಜ್ಜಿಯೂ ನಿಂತಿರ್ತಾರೆ. ಯಾವುದು ಒಳ್ಳೇ ವಿನ್ಯಾಸ ಅಂತ ಆ ಅಜ್ಜಿಯೇ ಹೇಳಿಬಿಡ್ತಾರೆ.

ಮೂರನೇದು, ಕೊಳ್ಳೋದಿದ್ದರೆ ಅಸಲಿ-ನಕಲಿ ಗುರುತು ಹಿಡಿಯೋದು. ನನ್ನ ಆನೆಯ ಅನುಭವದಿಂದ ಹೇಳ್ತೀನಿ.

ಇನ್ಲೇ ಆದರೆ, ಹಲಗೆಯನ್ನ ಓರೆಯಾಗಿ ಬೆಳಕಿಗೆ ಹಿಡೀರಿ. ನಿಜವಾದ ಕೆಲಸದಲ್ಲಿ ಒಂದೊಂದು ಚೂರಿನ ಮರದ ಎಳೆ ಒಂದೊಂದು ದಿಕ್ಕಿಗೆ ಹೋಗುತ್ತೆ. ಮುದ್ರಿಸಿದ್ದಾದರೆ ಮೇಲ್ಮೈ ಇಡೀ ಒಂದೇ ಥರ ಹೊಳೆಯುತ್ತೆ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿದರೆ ಸಣ್ಣ ಸಣ್ಣ ಬಣ್ಣದ ಚುಕ್ಕಿ ಕಾಣಬಹುದು, ಪೇಪರ್‌ನಲ್ಲಿ ಫೋಟೋ ಕಾಣೋ ಹಾಗೆ. ಮರಕ್ಕೆ ಚುಕ್ಕಿ ಇರಲ್ಲ.

ಮೈಸೂರು ರೇಷ್ಮೆ ಸೀರೆ ಆದರೆ, ಕೆಎಸ್‌ಐಸಿಯ ಸೀರೆಗೆ ಅದರದ್ದೇ ಸಂಕೇತ ಸಂಖ್ಯೆ, ಹಾಲೋಗ್ರಾಮ್ ಇರುತ್ತೆ. ಕೇಳಿ ನೋಡಿ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ ಮಾನಂದವಾಡಿ ರಸ್ತೆಯಲ್ಲಿ ಇವತ್ತೂ ನೇಯ್ತಾ ಇದೆ.

ಮೈಸೂರು ಶೈಲಿಯ ಚಿತ್ರ ಆದರೆ, ತಂಜಾವೂರಿನ ಹಾಗೆ ಉಬ್ಬಿ ನಿಂತಿರಲ್ಲ, ಕಲ್ಲು ಮಣಿ ಅಂಟಿಸಿರಲ್ಲ. ಚಿನ್ನದ ರೇಕಿನ ಕೆಳಗಿನ ಲೇಪ ತೀರಾ ತೆಳು. ಬೆರಳಲ್ಲಿ ಮುಟ್ಟಿದರೆ ಹಾಗಿದೆಯೋ ಇಲ್ಲವೋ ಅನ್ನಿಸಬೇಕು. ಮುಟ್ಟೋ ಮುಂಚೆ ಕೇಳಿ ಮುಟ್ಟಿ!

ಬೀಟೆಯ ಕಷ್ಟ

ಇಲ್ಲಿ ಒಂದು ನಿಮಿಷ ನಿಲ್ತೀನಿ. ಈ ಇನ್ಲೇ ಕೆಲಸಕ್ಕೆ ಬಂದಿರೋ ಕಷ್ಟ ಬರೀ ಸ್ಟಿಕ್ಕರ್ರಿಂದ ಅಲ್ಲ.

ಅರಮನೆಯ ಅಂಬಾವಿಲಾಸದ ಬಾಗಿಲು ನೋಡಿ, ಬೀಟೆಯಲ್ಲಿ ದಂತ ಕೂರಿಸಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ ಮುಂದಿನ ತಿದ್ದುಪಡಿಗಳಿಂದ ದಂತ ನಿಂತಿತು. ನಿಲ್ಲಲೇಬೇಕಿತ್ತು. ಕೆಲಸಗಾರರು ಒಪ್ಪಿಕೊಂಡು, ದಂತದ ಜಾಗಕ್ಕೆ ಬೇರೆ ಬೇರೆ ಮರ ತಂದುಕೊಂಡರು. ನಾವೀಗ ಮೈಸೂರು ಇನ್ಲೇ ಅಂತ ಹೆಮ್ಮೆ ಪಡೋ ಬಣ್ಣದ ಮರಗಳ ಚಿತ್ರ ಬೆಳೆದದ್ದರಲ್ಲಿ ಆ ನಿಷೇಧದ ಪಾಲೂ ಇದೆ. ಆಮೇಲೆ 2017ರಲ್ಲಿ ಬೀಟೆಯ ಇಡೀ ಕುಲವೇ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿತು. ಹೊರದೇಶಕ್ಕೆ ಕಳಿಸೋಕೆ ಕಾಗದಪತ್ರ, ಪರವಾನಗಿ ಎಲ್ಲ ಬೇಕಾಯಿತು. ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡೋರಿಗೆ ಅದೆಲ್ಲ ಎಲ್ಲಿ ಆಗಬೇಕು? 2022ರಲ್ಲಿ ಪನಾಮಾದಲ್ಲಿ ನಡೆದ ಸಭೆಯಲ್ಲಿ 10 ಕಿಲೋವರೆಗಿನ ಮರದ ವಸ್ತುಗಳಿಗೆ ಸ್ವಲ್ಪ ಸಡಿಲಿಕೆ ಸಿಕ್ಕಿತು.

ಕಾಡು ಉಳೀಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊರಗಿನ ಮಾರುಕಟ್ಟೆ ಕುಗ್ಗಿದಾಗ ಒಳಗಿನೋರು, ಅಂದರೆ ನಾವು, ಕೈ ಹಿಡೀಬೇಕಲ್ವಾ? ನಾವು ಹಿಡಿದದ್ದು ಸ್ಟಿಕ್ಕರ್ ಆನೆಯನ್ನ. ಜಿಐ ಟ್ಯಾಗ್ ಕಾನೂನಿನ ರಕ್ಷಣೆ ಕೊಡಬಹುದು, ಕೊಳ್ಳೋರ ಕಣ್ಣಿಗೆ ಗುರುತಿಸೋ ಶಕ್ತಿ ಕೊಡಲ್ಲ. ಅದನ್ನ ಕಲಿಸೋಕೆ ಹುಟ್ಟಿದ್ದೇ ವಸ್ತುಪ್ರದರ್ಶನ. ಹಾಗಾಗಿ ಅಲ್ಲಿಗೆ ಹೋಗಿ ನಾವು ಏನು ನೋಡ್ತೀವಿ, ಏನು ಕೇಳ್ತೀವಿ ಅನ್ನೋದರ ಮೇಲೆ ಮಂಡಿ ಮೊಹಲ್ಲಾದ ಆ ಗರಗಸದ ಸದ್ದು ಇನ್ನೂ ಹತ್ತು ವರ್ಷ ಕೇಳುತ್ತೋ ಇಲ್ಲವೋ ಅನ್ನೋದು ನಿಂತಿದೆ.

ದಸರಾ ಹತ್ತು ದಿನ ಎಲ್ಲಿ ನೋಡಬೇಕು

ಜಂಬೂಸವಾರಿಗೆ ಪಾಸ್ ಸಿಕ್ಕಿಲ್ಲ ಅಂತ ಬೇಜಾರು ಬೇಡ. ಹಿಂದಿನ ಯಾವುದಾದರೂ ದಿನ ಅರಮನೆ ಒಳಗೆ ಹೋಗಿ, ಕಲ್ಯಾಣ ಮಂಟಪದ ಗೋಡೆ ನೋಡಿ. ಆಸ್ಥಾನ ಕಲಾವಿದರು ಬರೆದ 26 ಚಿತ್ರಫಲಕಗಳಲ್ಲಿ 1930-40ರ ದಶಕದ ದಸರಾ ಮೆರವಣಿಗೆ ಸಾಲಾಗಿ ಇದೆ. ಕುದುರೆ, ಬ್ಯಾಂಡು, ಪಡೆ, ನೋಡೋಕೆ ನಿಂತ ಜನ, ಎಲ್ಲ. ಅದನ್ನ ನೋಡಿ ಆಮೇಲೆ ವಿಜಯದಶಮಿ ದಿನ ಟಿವಿಯಲ್ಲಿ ನೋಡಿದರೂ ಸಾಕು, ಏನು ಉಳಿದಿದೆ, ಏನು ಬದಲಾಗಿದೆ ಅಂತ ಗೊತ್ತಾಗುತ್ತೆ. ತಲೆ ಎತ್ತಿದರೆ ಬಣ್ಣದ ಗಾಜಿನ ನವಿಲುಗಳ ಚಾವಣಿ. 1897ರಲ್ಲಿ ಹಳೆ ಅರಮನೆ ಸುಟ್ಟ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಕಟ್ಟಿದ ಈ ಅರಮನೆ 1912ಕ್ಕೆ ಮುಗೀತು.

ಸ್ತಬ್ಧಚಿತ್ರ ನೋಡುವಾಗ ಒಂದು ಆಟ ಆಡಿ. ಬೋರ್ಡ್ ಓದೋ ಮುಂಚೆ ಅದು ಯಾವ ಜಿಲ್ಲೆಯದ್ದು, ಏನು ಹೇಳ್ತಿದೆ ಅಂತ ಊಹಿಸಿ. ಊಹಿಸೋಕೆ ಆದರೆ ಅದು ಗೆದ್ದ ಹಾಗೆ. ಐದು ಕಿಲೋಮೀಟರ್ ದಾರಿ, ಎರಡೂ ಕಡೆ ಜನ, ಯಾರ ಮುಂದೆಯೂ ಗಾಡಿ ಹೆಚ್ಚು ಹೊತ್ತು ನಿಲ್ಲಲ್ಲ. ಅಷ್ಟರಲ್ಲಿ ಒಂದು ಜಿಲ್ಲೆಯ ಕಥೆ ಹೇಳಬೇಕು. ಕಷ್ಟದ ಕೆಲಸ. ಎಲ್ಲಾನೂ ತುರುಕಿದೋರು ಸೋಲ್ತಾರೆ.

ಅಂಬಾರಿ ಆನೆಯ ಮುಖ, ಸೊಂಡಿಲು, ಕಿವಿ ಮೇಲಿನ ಚಿತ್ತಾರವನ್ನೂ ಗಮನಿಸಿ. ಗಂಡಭೇರುಂಡ, ಶಂಖ, ಚಕ್ರ, ಹೂಬಳ್ಳಿ. ಬರೆಯೋ ಹಾಳೆ ಉಸಿರಾಡ್ತಾ, ಕಿವಿ ಬೀಸ್ತಾ ಇರುತ್ತೆ. ಸಂಜೆ ಹೊತ್ತಿಗೆ ಆ ಚಿತ್ರದ ಕೆಲಸ ಮುಗೀತು. ಆದರೂ ಒಂದು ಎಸಳೂ ಅಂಕುಡೊಂಕಾಗಿರಲ್ಲ.

ದೀಪಾಲಂಕಾರಕ್ಕೆ ಕಾರಲ್ಲಿ ಹೋಗಬೇಡಿ, ಟ್ರಾಫಿಕ್‌ನಲ್ಲಿ ಮುಂದಿನ ಕಾರಿನ ಕೆಂಪು ದೀಪವೇ ಅಲಂಕಾರ ಆಗುತ್ತೆ. ನೂರು ಕಿಲೋಮೀಟರಿಗೂ ಹೆಚ್ಚು ರಸ್ತೆಗೆ ದೀಪ ಹಾಕ್ತಾರೆ. ಕೆ.ಆರ್. ವೃತ್ತದಿಂದ ನಡ್ಕೊಂಡು ಹೋಗಿ. ಎಲ್‌ಇಡಿ ಮಿಣುಕು ನೋಡಿದ ಮೇಲೆ ಅರಮನೆಯ ದೀಪ ನೋಡಿ. ಸುಮಾರು ಒಂದು ಲಕ್ಷ ಬಲ್ಬು, ಒಂದೇ ಬಣ್ಣ, ಮಿಣುಕಲ್ಲ, ಓಡಲ್ಲ. ಕಮಾನು ಎಲ್ಲಿದೆಯೋ ಅಲ್ಲಿ, ಗುಮ್ಮಟ ಎಲ್ಲಿದೆಯೋ ಅಲ್ಲಿ, ಅಷ್ಟೇ. ಕಟ್ಟಡದ ಗೆರೆಯನ್ನ ಮಾತ್ರ ಬರೀತದೆ ಆ ಬೆಳಕು. ಬೇರೆ ದಿನಗಳಲ್ಲಿ ಭಾನುವಾರ, ಸರ್ಕಾರಿ ರಜೆ ದಿನ ಸಂಜೆ ನೋಡಬಹುದು.

ಹೂವು ಇಷ್ಟ ಇರೋರಿಗೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ. ಲಲಿತಕಲೆ, ಕರಕುಶಲ ಉಪಸಮಿತಿಯ ಕಾರ್ಯಕ್ರಮಗಳಿಗೆ ಕಾವಾ ಕಡೆ ಕಣ್ಣಿಡಿ. ಕಾವಾ ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ. ಇದರ ಬೇರು ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿದೆ, ಅದಕ್ಕೆ ಅಡಿಗಲ್ಲು ಬಿದ್ದದ್ದು 1906ರಲ್ಲಿ. ಮರಗೆಲಸ, ಲೋಹದ ಕೆಲಸ, ಚಿತ್ರ ಎಲ್ಲ ಒಟ್ಟಿಗೆ ಕಲಿಸೋ ಜಾಗ ಆಗಿತ್ತು. ಸಯ್ಯಾಜಿರಾವ್ ರಸ್ತೆಯ ಆ ಹಳೆ ಕಟ್ಟಡದಲ್ಲಿ ಈಗ ಕಾವೇರಿ ಎಂಪೋರಿಯಂ ಇದೆ. ಕಾವಾ ವಿದ್ಯಾರ್ಥಿಗಳ ವಾರ್ಷಿಕ ಪ್ರದರ್ಶನ ಬಂದರೆ ತಪ್ಪಿಸಬೇಡಿ. ಚಿತ್ರ, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆ, ಫೋಟೋಗ್ರಫಿ ಎಲ್ಲ ಇರುತ್ತೆ. ಪಕ್ಕದಲ್ಲೇ ಬರೆದ ಹುಡುಗ ಹುಡುಗಿ ನಿಂತಿರ್ತಾರೆ. ಯಾರು ಮಾಡಿದ್ದು ಅನ್ನೋ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತೆ.

ಚಳಿಗಾಲದ ಪಟ್ಟಿ

ಡಿಸೆಂಬರ್ ಕೊನೆಗೆ ಅರಮನೆ ಆವರಣದಲ್ಲಿ ಮಾಗಿ ಉತ್ಸವದ ಫಲಪುಷ್ಪ ಪ್ರದರ್ಶನ. ಹೊರಗಿಂದ ನೆಂಟರು ಬಂದಿದ್ದರೆ ಅನುಕೂಲ.

ನನಗೆ ಇದಕ್ಕಿಂತ ಇಷ್ಟ ರಂಗಾಯಣದ ಬಹುರೂಪಿ. ಸಾಮಾನ್ಯವಾಗಿ ಡಿಸೆಂಬರ್-ಜನವರಿ ಹೊತ್ತಿಗೆ, ಆಗಾಗ ಹಿಂದೆಮುಂದೆ ಆಗುತ್ತೆ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದ ಈ ಹಬ್ಬಕ್ಕೆ ನಾಟಕಕ್ಕಾಗಿ ಹೋಗ್ತೀವಿ, ಸರಿ. ಆದರೆ ಭೂಮಿಗೀತದಲ್ಲಿ ನಾಟಕ ಮುಗಿದ ಮೇಲೆ ಎದ್ದು ಓಡದೆ ರಂಗಸಜ್ಜಿಕೆ ಒಮ್ಮೆ ನೋಡಿ. ಎರಡು ಬಿದಿರು, ಒಂದು ಸೀರೆ, ಅಷ್ಟರಲ್ಲಿ ಊರು ಕಟ್ಟಿರ್ತಾರೆ. ಹೊರಗೆ ಕರಕುಶಲ ವಸ್ತುಗಳ ಮಳಿಗೆ, ಪುಸ್ತಕ, ಊಟ ಎಲ್ಲ ಒಂದೇ ಆವರಣದಲ್ಲಿ. ಮೈಸೂರಿನಲ್ಲಿ ಗಡಿಬಿಡಿ ಇಲ್ಲದೆ ಮಾಡಿದೋರ ಜೊತೆ ಮಾತಾಡೋಕೆ ಇದಕ್ಕಿಂತ ಒಳ್ಳೇ ಜಾಗ ನಾನು ಕಂಡಿಲ್ಲ.

ಇನ್ನೊಂದು, ರಿಂಗ್ ರಸ್ತೆಯ ಜೆಎಸ್‌ಎಸ್ ಅರ್ಬನ್ ಹಾತ್. ವರ್ಷದಲ್ಲಿ ಹಲವು ಸಲ ಕರಕುಶಲ ಮೇಳ, ಕೈಮಗ್ಗದ ಮೇಳ ನಡೀತವೆ. ಬೇರೆ ಬೇರೆ ರಾಜ್ಯಗಳ ಕುಶಲಕರ್ಮಿಗಳು ಬರ್ತಾರೆ. ಭಾಷೆ ಬರಲ್ಲ ಅಂತ ಹಿಂಜರೀಬೇಡಿ. ‘ಇದನ್ನ ಹೇಗೆ ಮಾಡ್ತೀರಿ’ ಅಂತ ಕೈಸನ್ನೆಯಲ್ಲಿ ಕೇಳಿದರೂ ತೋರಿಸ್ತಾರೆ.

ಇರ್ವಿನ್ ರಸ್ತೆಯ ವೆಲ್ಲಿಂಗ್ಟನ್ ಹೌಸ್‌ನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ಕೇಂದ್ರ ಇದೆ. ಪ್ರದರ್ಶನದ ಜೊತೆ ಕರಕುಶಲ ಕಲಿಸೋ ಶಿಬಿರಗಳನ್ನೂ ಮಾಡ್ತಾರೆ. ಒಂದು ದಿನ ಕೂತು ಮಣ್ಣು ಕಲಸಿದರೆ ಅಥವಾ ಕುಂಚ ಹಿಡಿದರೆ ಒಂದು ಲಾಭ ಇದೆ. ಆಮೇಲೆ ಯಾವ ಕುಶಲಕರ್ಮಿಯ ಹತ್ತಿರವೂ ಚೌಕಾಸಿ ಮಾಡೋಕೆ ಬಾಯಿ ಬರಲ್ಲ! ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯವೂ ಪಟ್ಟಿಯಲ್ಲಿರಲಿ, 1968ರಿಂದ ಇರೋದು. ಹಳೆ ಕಟ್ಟಡ, ರಿಪೇರಿ ಕೆಲಸ ನಡೀತಿರುತ್ತೆ, ತೆರೆದಿದೆಯಾ ಅಂತ ವಿಚಾರಿಸಿಕೊಂಡೇ ಹೋಗಿ.

ಜನವರಿಯಲ್ಲಿ ಒಂದು ಭಾನುವಾರ ಬೆಂಗಳೂರಿಗೆ ಬೆಳಗಿನ ರೈಲು ಹಿಡೀರಿ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸ್ತಿರೋ ಚಿತ್ರಸಂತೆ. ಕುಮಾರಕೃಪಾ ರಸ್ತೆಯ ಇಡೀ ಫುಟ್‌ಪಾತು ಗ್ಯಾಲರಿ ಆಗುತ್ತೆ, ಕಲಾವಿದರೇ ಕೂತು ಮಾರ್ತಾರೆ. ನೂರು ರೂಪಾಯಿಯ ಚಿತ್ರವೂ ಸಿಗುತ್ತೆ, ಲಕ್ಷದ್ದೂ ಇರುತ್ತೆ. ಬೆಳಿಗ್ಗೆ ಹತ್ತರ ಒಳಗೆ ತಲುಪಿ, ಮಧ್ಯಾಹ್ನ ಆದರೆ ಬರೀ ಜನರ ಬೆನ್ನು ನೋಡಬೇಕಾಗುತ್ತೆ.

ಅದೇ ತಿಂಗಳ ಆಸುಪಾಸಿನಲ್ಲಿ ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆ. ವಸ್ತುಪ್ರದರ್ಶನ, ಕೃಷಿ ಮೇಳದ ಜೊತೆ ರಂಗೋಲಿ ಸ್ಪರ್ಧೆ ಇರುತ್ತೆ. ಚುಕ್ಕಿ ಇಟ್ಟು ಗೆರೆ ಎಳೆಯೋ ಹೆಂಗಸರ ಕೈಯನ್ನ ಹತ್ತು ನಿಮಿಷ ನಿಂತು ನೋಡಿ. ಅಳತೆಪಟ್ಟಿ ಇಲ್ಲ, ಅಳಿಸೋ ರಬ್ಬರ್ ಇಲ್ಲ. ಕೊನೆಗೆ ಯುಗಾದಿ ಹೊತ್ತಿಗೆ ನಂಜನಗೂಡಿನ ದೊಡ್ಡ ಜಾತ್ರೆ, ಪಂಚರಥೋತ್ಸವ. ಸಾವಿರಾರು ಜನ ಎಳೆಯೋ ತೇರನ್ನ ಸಾವರಿಸೋದು ಚಕ್ರಕ್ಕೆ ಮರದ ಗೊದ್ದ ಕೊಡೋ ಕೆಲವೇ ಜನ. ಹಿಂದಿನ ದಿನವೇ ಹೋದರೆ ತೇರಿಗೆ ಬಟ್ಟೆ, ಪತಾಕೆ ಕಟ್ಟೋದನ್ನ ನೋಡಬಹುದು. ನನಗೆ ತೇರು ಎಳೆಯೋ ದಿನಕ್ಕಿಂತ ಆ ದಿನ ಇಷ್ಟ.

ಹೋಗೋ ಮುಂಚೆ

ಮುಗಿಸೋ ಮುಂಚೆ ಮೂರು ಮಾತು.

ಒಂದು, ದಿನಾಂಕವನ್ನ ಯಾರೋ ಹೇಳಿದರು ಅಂತ ನಂಬಬೇಡಿ, ನಾನು ಹೇಳಿದರೂ ಸರಿ. ಮಳೆ, ಚುನಾವಣೆ, ಪಂಚಾಂಗ, ಯಾವುದಕ್ಕಾದರೂ ಕಾರ್ಯಕ್ರಮ ಮುಂದೆ ಹೋಗಬಹುದು. ಹಿಂದಿನ ದಿನ ಪೇಪರಿನ ‘ನಗರದಲ್ಲಿ ಇಂದು’ ಥರದ ಕಾಲಂ ನೋಡಿ.

ಎರಡು, ಫೋಟೋ ತೆಗೆಯೋ ಮುಂಚೆ ಕೇಳಿ. ಎಷ್ಟೋ ಜನ ಕುಶಲಕರ್ಮಿಗಳ ವಿನ್ಯಾಸ ಫೋಟೋದಿಂದಲೇ ನಕಲಾಗಿ, ಮುದ್ರಣವಾಗಿ, ಅವರ ಪಕ್ಕದ ಮಳಿಗೆಗೇ ಬಂದು ಕೂರುತ್ತೆ. ನನ್ನ ಆನೆಯೂ ಯಾವುದೋ ಒಬ್ಬರ ಅಸಲಿ ಕೆಲಸದ ಫೋಟೋನೇ ಇರಬೇಕು. ಆ ಹಿರಿಯರು ‘ಚಿತ್ರ ಚೆನ್ನಾಗಿದೆ’ ಅಂದ ದನಿ ನೆನಪಾದಾಗೆಲ್ಲ, ಅದು ಅವರದ್ದೇ ಇರಬಹುದಾ ಅಂತ ಅನುಮಾನ ಬರುತ್ತೆ. ಕೇಳೋಕೆ ಧೈರ್ಯ ಆಗಿಲ್ಲ.

ಮೂರು, ಹತ್ತು ಸಣ್ಣ ಪುಟ್ಟ ಸಾಮಾನು ಕೊಳ್ಳೋ ದುಡ್ಡಲ್ಲಿ ಒಂದು ಅಸಲಿ ಕೊಳ್ಳಿ. ಕೊಳ್ಳೋಕೆ ಆಗಲಿಲ್ವಾ, ಪರವಾಗಿಲ್ಲ, ಐದು ನಿಮಿಷ ನಿಂತು ಕೇಳಿ. ಅವರ ಹೆಸರು, ಊರು ಬರ್ಕೊಳ್ಳಿ. ಮುಂದೆ ಯಾರದ್ದಾದರೂ ಮದುವೆ, ಗೃಹಪ್ರವೇಶ ಬಂದಾಗ ಆ ಹೆಸರು ನೆನಪಾಗುತ್ತೆ.

ನಾನು ಹೋದ ವರ್ಷ ಅದೇ ಮಂಡಿ ಮೊಹಲ್ಲಾದ ಹಿರಿಯರ ಹತ್ತಿರ ಒಂದು ಚಿಕ್ಕ ಹಲಗೆ ತಗೊಂಡು ನಮ್ಮಕ್ಕನ ಮಗಳಿಗೆ ಕೊಟ್ಟೆ. ಬಿಡಿಸಿ ನೋಡಿದವಳು ಮೊದಲು ಉಗುರಲ್ಲಿ ಮೂಲೆ ಕೆರೆದಳು. ಏಳಲಿಲ್ಲ. ಆಮೇಲೆ ತಿರುಗಿಸಿದಳು. ಹಿಂದೆ ಪೆನ್ಸಿಲ್‌ನಲ್ಲಿ ಅವರ ಹೆಸರು ಬರೆಸಿಕೊಂಡು ಬಂದಿದ್ದೆ.

ನೀವು ನೋಡಿದ ಯಾವುದಾದರೂ ಒಳ್ಳೇ ಪ್ರದರ್ಶನ ಬಿಟ್ಟುಹೋಗಿದ್ದರೆ ನಮಗೆ ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಸೇರಿಸೋಣ. ದಸರಾಗೆ ಬನ್ನಿ, ಬಜ್ಜಿ ತಿನ್ನಿ, ಕೇಳ್ತಾ ಇರಿ.